ದೆಹಲಿಗೆ 1,700 ಕಿಲೋಮೀಟರ್, ಐವತ್ತು ನಿಮಿಷದ ಲೆಕ್ಕ ಸಿಗುತ್ತಿಲ್ಲ

ಶಿಡ್ಲಘಟ್ಟದವನು (ಜನವರಿ 4, ರಾತ್ರಿ 8:50)

ಎಲ್ಲರಿಗೂ ನಮಸ್ಕಾರ. ನಮ್ಮ ಅಕ್ಕ ದೆಹಲಿಯಲ್ಲಿದ್ದಾಳೆ. ಎರಡನೆಯ ಹೆರಿಗೆಗೆ ದಿನ ಹತ್ತಿರ ಬಂದಿದೆ. ಬಾಣಂತನಕ್ಕೆಂದು ಅಮ್ಮ ಹೊರಟಿದ್ದಾರೆ, ಬಿಟ್ಟು ಬರಲು ಅಪ್ಪ ಜೊತೆಯಲ್ಲಿ ಹೋಗುತ್ತಾರೆ. ಇಬ್ಬರೂ ಇದುವರೆಗೆ ವಿಮಾನ ಹತ್ತಿದವರಲ್ಲ. ನಮ್ಮ ಊರು ಶಿಡ್ಲಘಟ್ಟದ ಪಕ್ಕ. ದೇವನಹಳ್ಳಿಯಿಂದ ಏಳುವ ವಿಮಾನಗಳನ್ನು ಹಿಪ್ಪುನೇರಳೆ ತೋಟದಲ್ಲಿ ನಿಂತು ನೋಡಿದ್ದಷ್ಟೇ.

ಟಿಕೆಟ್ ತೆಗೆದಿದ್ದೇನೆ. ತೊಂದರೆ ಇರುವುದು ಅಪ್ಪನ ಪ್ರಶ್ನೆಯಲ್ಲಿ. ದೂರ ಎಷ್ಟು ಎಂದು ಕೇಳಿದರು, ಮೊಬೈಲಿನಲ್ಲಿ ಹುಡುಕಿದೆ. ಒಂದು ಕಡೆ 1,740 ಎಂದಿತ್ತು, ಇನ್ನೊಂದು ಕಡೆ 920, ಮತ್ತೊಂದು ಕಡೆ 2,150. ಸುಮಾರು 1,700 ಇರಬಹುದು ಎಂದೆ. ವಿಮಾನದ ವೇಗ ಎಷ್ಟು ಎಂದರು. ಗಂಟೆಗೆ 850 ಎಂದೆ. ತಕ್ಷಣ, 'ಹಾಗಾದರೆ ಎರಡು ಗಂಟೆ. ಟಿಕೆಟಿನಲ್ಲಿ 10:20ಕ್ಕೆ ಬಿಟ್ಟು 1:10ಕ್ಕೆ ಸೇರುತ್ತದೆ ಎಂದಿದೆ. ಉಳಿದ ಐವತ್ತು ನಿಮಿಷ ಎಲ್ಲಿ?' ಎಂದು ಕೇಳಿದರು.

ನಗಬೇಡಿ. ಅವರು ನಲವತ್ತು ವರ್ಷದಿಂದ ರೇಷ್ಮೆ ಹುಳು ಮೇಯಿಸಿದವರು. ಹುಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದ ಮೇಲೆ ಸೊಪ್ಪು ಹಾಕುವುದು ಒಂದು ಗಂಟೆ ತಡವಾದರೂ ಮನೆಯಲ್ಲಿ ಯಾರಿಗೂ ನೆಮ್ಮದಿ ಇರುವುದಿಲ್ಲ. ಗೂಡಿನ ತೂಕದಲ್ಲಿ ನೂರು ಗ್ರಾಂ ವ್ಯತ್ಯಾಸ ಬಂದರೂ ತಕ್ಕಡಿ ಬಿಟ್ಟು ಏಳುವವರಲ್ಲ. ಐವತ್ತು ನಿಮಿಷದ ಲೆಕ್ಕ ಸಿಗದೆ ವಿಮಾನ ಹತ್ತುವುದಿಲ್ಲ ಎಂದೇನೂ ಹೇಳಿಲ್ಲ, ಆದರೆ ದಿನಕ್ಕೆ ಮೂರು ಸಲ ಕೇಳುತ್ತಿದ್ದಾರೆ. ತಿಳಿದವರು ಹೇಳಿ.

ದ್ರಾಕ್ಷಿ ಚಪ್ಪರ (ರಾತ್ರಿ 9:05)

ದೆಹಲಿ ವಿಮಾನಗಳೇ ನಿಧಾನ. ನಾನು ಕಳೆದ ವರ್ಷ ದುಬೈಗೆ ಹೋಗಿದ್ದೆ. ಬೆಳಿಗ್ಗೆ 10ಕ್ಕೆ ಬಿಟ್ಟಿತು, ಅಲ್ಲಿ ಇಳಿದಾಗ ಗೋಡೆ ಗಡಿಯಾರದಲ್ಲಿ 12:30. ಎರಡೂವರೆ ಗಂಟೆ. ಸಮುದ್ರ ದಾಟಿ ಹೋಗುವುದೇ ದೆಹಲಿಗಿಂತ ಬೇಗ ಎಂದರೆ ನೀವೇ ಯೋಚಿಸಿ.

ನಿವೃತ್ತ ಮೇಷ್ಟ್ರು (ರಾತ್ರಿ 9:40)

ದ್ರಾಕ್ಷಿ ಚಪ್ಪರದವರೇ, ದುಬೈ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ನೀವು ಇಳಿದಾಗ ಚಿಕ್ಕಬಳ್ಳಾಪುರದಲ್ಲಿ ಮಧ್ಯಾಹ್ನ 2 ಗಂಟೆ. ನೀವು ಹಾರಿದ್ದು ನಾಲ್ಕು ಗಂಟೆ. ಟಿಕೆಟಿನಲ್ಲಿ ಹೊರಡುವ ಸಮಯ ಹೊರಡುವ ಊರಿನದು, ಸೇರುವ ಸಮಯ ಸೇರುವ ಊರಿನದು. ದೇಶದೊಳಗೆ ಈ ತೊಡಕಿಲ್ಲ, ಕಛ್‌ನಿಂದ ಅರುಣಾಚಲದವರೆಗೆ ಒಂದೇ ಸಮಯ. ಹಾಗಾಗಿ ಹಿರಿಯರ ಐವತ್ತು ನಿಮಿಷವನ್ನು ಗಡಿಯಾರದ ತಲೆಗೆ ಕಟ್ಟುವಂತಿಲ್ಲ.

ಮೊದಲು ದೂರದ ವಿಷಯ. ಶಿಡ್ಲಘಟ್ಟದವರಿಗೆ ಸಿಕ್ಕ ಮೂರು ಅಂಕಿಗಳೂ ಸರಿಯೇ, ಮೂರೂ ಬೇರೆ ಬೇರೆ ವಸ್ತುಗಳು. 2,150 ರಸ್ತೆಯ ದೂರ. 1,740 ಊರಿನ ನಡುವಿನಿಂದ ಊರಿನ ನಡುವಿಗೆ ನೇರ ಗೆರೆ ಎಳೆದರೆ ಬರುವ ದೂರ. 920 ಎಂಬುದು ನಾಟಿಕಲ್ ಮೈಲಿ, ಹಡಗಿನವರೂ ವಿಮಾನದವರೂ ಬಳಸುವ ಅಳತೆ. ಒಂದು ನಾಟಿಕಲ್ ಮೈಲಿಗೆ 1.852 ಕಿಲೋಮೀಟರ್. ಗುಣಿಸಿ ನೋಡಿ, 1,700ರ ಆಸುಪಾಸಿಗೆ ಬರುತ್ತದೆ.

ಮೊಬೈಲ್ ಇಲ್ಲದೆಯೂ ಈ ದೂರವನ್ನು ಅಂಗಳದಲ್ಲಿ ಕುಳಿತು ಕಂಡುಹಿಡಿಯಬಹುದು. ಮಕ್ಕಳಿಗೆ ಮೂವತ್ತು ವರ್ಷ ಇದನ್ನೇ ಹೇಳಿಕೊಟ್ಟೆ, ಈಗ ಕೇಳುವವರು ಸಿಕ್ಕಿದ್ದಾರೆ, ಬಿಡುವುದಿಲ್ಲ. ದೇವನಹಳ್ಳಿಯ ನಿಲ್ದಾಣ ಇರುವುದು 13.2 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ದೆಹಲಿಯದು 28.6. ರೇಖಾಂಶ ನೋಡಿದರೆ ಇಲ್ಲಿ 77.7, ಅಲ್ಲಿ 77.1. ಅಂದರೆ ದೆಹಲಿ ನಮಗೆ ಹೆಚ್ಚುಕಡಿಮೆ ನೆಟ್ಟಗೆ ಉತ್ತರಕ್ಕಿದೆ. ಹೀಗೆ ನೆತ್ತಿಯ ಮೇಲೆ ಕುಳಿತ ಊರಿಗೆ ದೂರ ಹೇಳುವುದು ಬಹಳ ಸುಲಭ. ಭೂಮಿಯ ಸುತ್ತಳತೆ 40,000 ಕಿಲೋಮೀಟರ್, 360ರಿಂದ ಭಾಗಿಸಿದರೆ ಒಂದು ಡಿಗ್ರಿಗೆ 111. ಅಂತರ 15.4 ಡಿಗ್ರಿ. 15.4ನ್ನು 111ರಿಂದ ಗುಣಿಸಿದರೆ 1,709. ಮುಗಿಯಿತು.

ಸುತ್ತಳತೆ ಅಷ್ಟು ದುಂಡು ಸಂಖ್ಯೆ ಹೇಗಾಯಿತು ಎಂದು ಒಬ್ಬ ಹುಡುಗ ಕೇಳಿದ್ದ. ಮೀಟರ್ ಎಂಬ ಅಳತೆಯನ್ನು ಫ್ರಾನ್ಸಿನವರು ಮಾಡಿದ್ದೇ ಹಾಗೆ. ಧ್ರುವದಿಂದ ಸಮಭಾಜಕ ವೃತ್ತದವರೆಗಿನ ದೂರವನ್ನು ಒಂದು ಕೋಟಿ ಭಾಗ ಮಾಡಿ ಒಂದು ಭಾಗಕ್ಕೆ ಮೀಟರ್ ಎಂದರು. ಆ ಹುಡುಗ ಈಗ ಎಲ್ಲಿದ್ದಾನೋ.

ಐವತ್ತು ನಿಮಿಷದ ವಿಷಯ ನನ್ನ ಪಾಠದಲ್ಲಿ ಇರಲಿಲ್ಲ. ವಿಮಾನ ಎದ್ದರೆ ಉತ್ತರಕ್ಕೆ ಮೂಗು ಮಾಡಿ ನೇರ ಹೋಗಬೇಕು, ಎರಡು ಗಂಟೆ ಸಾಕು ಎಂದೇ ನನಗೂ ತೋರುತ್ತದೆ.

ಹದಿನಾಲ್ಕು ಚಕ್ರ (ರಾತ್ರಿ 10:30)

ಕೋಲಾರದವನು. ಟೊಮೆಟೊ ತುಂಬಿಕೊಂಡು ದೆಹಲಿಯ ಆಜಾದ್‌ಪುರ ಮಂಡಿಗೆ ಹೋಗುವ ಲಾರಿ ನನ್ನದು. ಮೇಷ್ಟ್ರು ಹೇಳಿದ 2,150 ನನ್ನ ಬಾಬತ್ತು, ಅದನ್ನು ನಾನು ಹೇಳುತ್ತೇನೆ.

ಚಿಂತಾಮಣಿ ದಾಟಿ ಹೈದರಾಬಾದ್ ರಸ್ತೆ ಸೇರಿದರೆ ಸಾಕು, ಆಮೇಲೆ ದಾರಿ ಕೇಳುವ ಕೆಲಸವಿಲ್ಲ. ಬಾಗೇಪಲ್ಲಿ, ಅನಂತಪುರ, ಕರ್ನೂಲು, ಹೈದರಾಬಾದ್, ಆದಿಲಾಬಾದ್, ನಾಗಪುರ, ಸಿವನಿ, ಝಾನ್ಸಿ, ಗ್ವಾಲಿಯರ್, ಆಗ್ರಾ. ಎಲ್ಲವೂ ಒಂದೇ 44ನೇ ನಂಬರ್ ಹೆದ್ದಾರಿ, ಶ್ರೀನಗರದಿಂದ ಕನ್ಯಾಕುಮಾರಿಗೆ ಹೋಗುವುದು. ಮೊದಲು ನಮ್ಮ ಕಡೆ ಇದನ್ನು 7 ಎನ್ನುತ್ತಿದ್ದೆವು. ನಾಗಪುರ ಬಂದರೆ ಅರ್ಧ ದಾರಿ. ಅಲ್ಲಿಂದ ಮುಂದೆ ಪೆಂಚ್ ಕಾಡಿನಲ್ಲಿ ರಸ್ತೆಯನ್ನೇ ಕಂಬದ ಮೇಲೆ ಎತ್ತಿದ್ದಾರೆ, ಕೆಳಗಡೆ ಹುಲಿ ದಾಟಲಿ ಎಂದು. ನಾನು ಹುಲಿಯನ್ನು ನೋಡಿಲ್ಲ, ಹುಲಿ ನನ್ನನ್ನು ನೋಡಿರಬಹುದು.

ಇಬ್ಬರು ಡ್ರೈವರ್ ಇದ್ದು ಸರದಿಯಲ್ಲಿ ಓಡಿಸಿದರೆ ಎರಡೂವರೆ ದಿನ. ಕಾಯಿ ಹಸಿರು ಇರುವಾಗಲೇ ತುಂಬಿರುತ್ತೇವೆ, ಆಜಾದ್‌ಪುರದಲ್ಲಿ ಕ್ರೇಟ್ ತೆಗೆಯುವಾಗ ಕೆಂಪಾಗಿರುತ್ತದೆ. ಅಷ್ಟು ದೂರ ಅದು. ನಿಮ್ಮ ತಂದೆಯವರಿಗೆ ಐವತ್ತು ನಿಮಿಷದ ಚಿಂತೆ. ಆಗ್ರಾ ದಾಟಿದ ಮೇಲೆ ಮಂಜು ಬಿದ್ದರೆ ಐವತ್ತು ನಿಮಿಷ ನಾನು ಢಾಬಾ ಮುಂದೆ ಟೀ ಲೋಟ ಹಿಡಿದೇ ಕಳೆಯುತ್ತೇನೆ.

ರನ್‌ವೇ ಪಕ್ಕದವನು (ಜನವರಿ 5, ಬೆಳಿಗ್ಗೆ 6:15)

ರಾತ್ರಿ ಪಾಳಿ ಮುಗಿಸಿ ಬಂದು ಓದಿದೆ. ವಿಮಾನ ನಿಲ್ದಾಣದಲ್ಲಿ ನೆಲದ ಕೆಲಸ ನನ್ನದು: ಲಗೇಜ್ ಗಾಡಿ, ಏಣಿ, ಹಿಂದಕ್ಕೆ ತಳ್ಳುವ ಟ್ರ್ಯಾಕ್ಟರ್. ಊರು ಇಲ್ಲೇ ದೇವನಹಳ್ಳಿ ಪಕ್ಕದ ವಿಜಯಪುರದ ಹತ್ತಿರ.

ಮೇಷ್ಟ್ರೇ, ತಮ್ಮ ಮಾತಿನಲ್ಲಿ ಒಂದೇ ಒಂದು ಕಡೆ ತಿದ್ದುಪಡಿ. ಇಲ್ಲಿಂದ ಯಾವ ವಿಮಾನವೂ ಉತ್ತರಕ್ಕೆ ಮೂಗು ಮಾಡಿ ಏಳುವುದಿಲ್ಲ. ನಮ್ಮ ಎರಡೂ ರನ್‌ವೇಗಳು ಪೂರ್ವ ಪಶ್ಚಿಮವಾಗಿ ಮಲಗಿವೆ. ವಿಮಾನ ಏಳುವುದು, ಇಳಿಯುವುದು ಎರಡೂ ಗಾಳಿಗೆ ಎದುರಾಗಿ. ರಾಗಿ ತೂರುವಾಗ ಗಾಳಿ ನೋಡಿ ನಿಲ್ಲುತ್ತೇವಲ್ಲ, ಹಾಗೆ ಅದಕ್ಕೂ ಗಾಳಿಯೇ ಯಜಮಾನ. ಮುಂಗಾರಿನಲ್ಲಿ ಗಾಳಿ ಪಡುವಣದಿಂದ ಬೀಸುತ್ತದೆ, ಆಗ ದೊಡ್ಡಬಳ್ಳಾಪುರದ ಕಡೆಗೆ ಮುಖ ಮಾಡಿ ಏಳುತ್ತವೆ. ಈಗ ಚಳಿಗಾಲ, ಮೂಡಣ ಗಾಳಿ, ಕೋಲಾರದ ಕಡೆಗೆ ಏಳುತ್ತವೆ. ದೆಹಲಿಗೆ ಹೋಗುವವನು ಮೊದಲು ಕೋಲಾರದ ದಿಕ್ಕಿಗೆ ಹೋಗಿ, ಎಡಕ್ಕೆ ಹೊರಳಿ, ಆಮೇಲೆ ಉತ್ತರ ಹಿಡಿಯಬೇಕು. ದೆಹಲಿಯ ರನ್‌ವೇಗಳೂ ಹೆಚ್ಚುಕಡಿಮೆ ಅಡ್ಡಲಾಗಿಯೇ ಇವೆ. ಅಲ್ಲಿಯೂ ಹೊರಳಿಯೇ ಇಳಿಯಬೇಕು.

ಈಗ ಐವತ್ತು ನಿಮಿಷ. ಟಿಕೆಟಿನಲ್ಲಿರುವುದು ಗಾಳಿಯಲ್ಲಿ ಹಾರುವ ಸಮಯವಲ್ಲ. ಲಾರಿಯಣ್ಣ, ನೀವು ಇಳಿಜಾರಿನಲ್ಲಿ ನಿಲ್ಲಿಸಿದಾಗ ಗಾಲಿಗೆ ಕಲ್ಲು ಕೊಡುತ್ತೀರಲ್ಲ, ನಾವೂ ವಿಮಾನದ ಗಾಲಿಗೆ ಹಾಗೆಯೇ ಒಂದು ಅಡ್ಡಗಟ್ಟೆ ಕೊಡುತ್ತೇವೆ. ಚಾಕ್ ಎನ್ನುತ್ತೇವೆ. ಇಲ್ಲಿ ಆ ಕಟ್ಟೆ ತೆಗೆದು ವಿಮಾನ ಅಲುಗಿದ ಗಳಿಗೆಯಿಂದ, ದೆಹಲಿಯಲ್ಲಿ ನಿಂತು ಮತ್ತೆ ಕಟ್ಟೆ ಕೊಡುವ ಗಳಿಗೆಯವರೆಗೆ ಇರುವುದು ಟಿಕೆಟಿನ ಸಮಯ. ನಮ್ಮವರು ಬ್ಲಾಕ್ ಟೈಮ್ ಎನ್ನುತ್ತಾರೆ. ಅಲುಗಿದ ಮೇಲೆ ಹಿಂದಕ್ಕೆ ತಳ್ಳಬೇಕು, ಎಂಜಿನ್ ಹಚ್ಚಬೇಕು, ರನ್‌ವೇ ತುದಿಯವರೆಗೆ ಉರುಳಬೇಕು, ಮುಂದೆ ನಾಲ್ಕು ವಿಮಾನ ನಿಂತಿದ್ದರೆ ಸರದಿ ಕಾಯಬೇಕು. ಹದಿನೈದು ಇಪ್ಪತ್ತು ನಿಮಿಷ ಇಲ್ಲೇ ನೆಲದ ಮೇಲೆ ಹೋಗುತ್ತದೆ. ದೆಹಲಿ ನಿಲ್ದಾಣ ಇನ್ನೂ ದೊಡ್ಡದು, ನಾಲ್ಕು ರನ್‌ವೇ. ಇಳಿದ ಮೇಲೆ ನಿಲ್ಲುವ ಜಾಗಕ್ಕೆ ಉರುಳುತ್ತಾ ಹತ್ತು ಹದಿನೈದು ನಿಮಿಷ.

850 ಎಂಬುದು ಮೇಲೆ ಹೋದ ಮೇಲಿನ ಮಾತು. ನೆಲ ಬಿಡುವಾಗ ಇನ್ನೂರೈವತ್ತರಿಂದ ಮುನ್ನೂರರೊಳಗೆ ಇರುತ್ತದೆ. ಹತ್ತು ಸಾವಿರ ಅಡಿ ದಾಟುವವರೆಗೆ 250 ನಾಟ್‌ಗಿಂತ ಹೆಚ್ಚು ಓಡಿಸಬಾರದು ಎಂಬ ನಿಯಮವಿದೆ, ಅಂದರೆ ಗಂಟೆಗೆ ಸುಮಾರು 460 ಕಿಲೋಮೀಟರ್. 35 ಸಾವಿರ ಅಡಿಗೆ ಏರಲು ಇಪ್ಪತ್ತು ನಿಮಿಷಕ್ಕೂ ಹೆಚ್ಚು ಬೇಕು. ದೆಹಲಿಗೆ ಇನ್ನೂ ಇನ್ನೂರು ಕಿಲೋಮೀಟರ್ ಇರುವಾಗಲೇ ಇಳಿಯುವುದನ್ನು ಆರಂಭಿಸುತ್ತಾರೆ. ಆಕಾಶದಲ್ಲಿಯೂ ದಾರಿಗಳಿವೆ, ಅವು ಅಲ್ಲಲ್ಲಿ ಸ್ವಲ್ಪ ಬಾಗುತ್ತವೆ. ಇವೆಲ್ಲ ಸೇರಿ ಹಾರುವ ಸಮಯ ಎರಡೂಕಾಲು ಗಂಟೆ ಅಥವಾ ತುಸು ಹೆಚ್ಚು. ಮಿಕ್ಕಿದ್ದು ನೆಲದ ಬಾಬತ್ತು.

ಇನ್ನೊಂದು ಗುಟ್ಟು. ತಡವಾಯಿತು ಎನಿಸಿಕೊಳ್ಳಬಾರದೆಂದು ಕಂಪನಿಗಳು ಐದೋ ಹತ್ತೋ ನಿಮಿಷ ಮೊದಲೇ ಸೇರಿಸಿಟ್ಟಿರುತ್ತವೆ. 'ನಿಗದಿಗಿಂತ ಮುಂಚೆ ತಲುಪಿದ್ದೇವೆ' ಎಂದು ಮೈಕಿನಲ್ಲಿ ಹೇಳುವುದು ಆ ಗಂಟಿನಿಂದಲೇ.

ಹದಿನಾಲ್ಕು ಚಕ್ರ (ಬೆಳಿಗ್ಗೆ 6:40)

ಕಲ್ಲು ಕೊಡುವ ಮಾತು ಹೇಳಿ ಒಂದೇ ಏಟಿಗೆ ಅರ್ಥ ಮಾಡಿಸಿದಿರಿ. ವಿಮಾನವೂ ಲಾರಿಯೇ ಎಂದಾಯಿತು.

ನಿವೃತ್ತ ಮೇಷ್ಟ್ರು (ಬೆಳಿಗ್ಗೆ 7:30)

ರನ್‌ವೇ ಪಕ್ಕದವರಿಗೆ ನಮಸ್ಕಾರ. ನಲವತ್ತು ವರ್ಷದಿಂದ ಚಿಕ್ಕಬಳ್ಳಾಪುರದಲ್ಲಿದ್ದೇನೆ, 2008ರಿಂದ ಆ ವಿಮಾನಗಳನ್ನು ನೋಡುತ್ತಿದ್ದೇನೆ. ಅವು ಯಾವ ದಿಕ್ಕಿಗೆ ಏಳುತ್ತವೆ ಎಂಬುದನ್ನು ಗಮನಿಸಲೇ ಇಲ್ಲ. ತಪ್ಪು ನನ್ನದು.

ಎತ್ತರದ ಮಾತು ಬಂದಿದ್ದರಿಂದ ಹೇಳುತ್ತೇನೆ, 35 ಸಾವಿರ ಅಡಿ ಎಂದರೆ ಹಿರಿಯರಿಗೆ ಅಂದಾಜು ಸಿಗಲಿಕ್ಕಿಲ್ಲ. ನಂದಿ ಬೆಟ್ಟದ ತುದಿ ಸಮುದ್ರಮಟ್ಟದಿಂದ 1,478 ಮೀಟರ್. ಅಂಥ ಏಳು ನಂದಿ ಬೆಟ್ಟಗಳನ್ನು ಒಂದರ ಮೇಲೊಂದು ಇಟ್ಟರೆ ವಿಮಾನದ ಹೊಟ್ಟೆ ತಾಕುತ್ತದೆ.

ನಂದಿ ತಪ್ಪಲಿನ ಟ್ಯಾಕ್ಸಿ (ಬೆಳಿಗ್ಗೆ 8:10)

ಎಲ್ಲರೂ ಆಕಾಶದ ಲೆಕ್ಕವನ್ನೇ ಹೇಳುತ್ತಿದ್ದೀರಿ. ಮನೆಯಿಂದ ಎಷ್ಟು ಗಂಟೆಗೆ ಹೊರಡಬೇಕು ಎಂದು ಒಬ್ಬರೂ ಹೇಳಲಿಲ್ಲ. ದಿನಕ್ಕೆ ಎರಡು ಬಾರಿ ನಿಲ್ದಾಣಕ್ಕೆ ಹೋಗಿ ಬರುವವನು ನಾನು. ವಿಮಾನ ತಪ್ಪಿಸಿಕೊಂಡವರನ್ನು ವಾಪಸು ಕರೆತಂದಿದ್ದೇನೆ. ಆ ದಾರಿಯುದ್ದಕ್ಕೂ ಕಾರಿನಲ್ಲಿ ಯಾರೂ ಮಾತನಾಡುವುದಿಲ್ಲ.

ಶಿಡ್ಲಘಟ್ಟದಿಂದ ವಿಜಯಪುರ, ದೇವನಹಳ್ಳಿ ಮೇಲೆ ಬಂದರೆ ಸುಮಾರು 40 ಕಿಲೋಮೀಟರ್. ಚಿಕ್ಕಬಳ್ಳಾಪುರಕ್ಕೆ ಬಂದು ಹೆದ್ದಾರಿ ಹಿಡಿದರೆ ಸ್ವಲ್ಪ ಸುತ್ತು, ಆದರೆ ರಸ್ತೆ ಅಗಲ. ಶನಿವಾರ ಭಾನುವಾರ ಬೆಳಗಿನ ಜಾವ ಹೆದ್ದಾರಿ ಬೇಡ, ಬೆಂಗಳೂರಿನವರೆಲ್ಲ ಸೂರ್ಯೋದಯ ನೋಡಲು ನಂದಿಗೆ ಬಂದಿರುತ್ತಾರೆ. ಉಳಿದ ದಿನ ಹೆದ್ದಾರಿಯೇ ಸರಿ. ವಿಜಯಪುರದ ದಾರಿಯಲ್ಲಿ ಮಂಜು ಬಿದ್ದರೆ ಮುಂದೆ ಹೋಗುವ ಎತ್ತಿನ ಗಾಡಿ ಕಾಣುವುದಿಲ್ಲ.

ಹೆಚ್ಚಿನ ಕಂಪನಿಗಳು ಹೊರಡುವ ಒಂದು ಗಂಟೆ ಮೊದಲೇ ಲಗೇಜ್ ಕೌಂಟರ್ ಮುಚ್ಚುತ್ತವೆ. ವಯಸ್ಸಾದವರು, ಮೊದಲ ಸಲ. ಎರಡೂವರೆ ಗಂಟೆ ಮುಂಚೆ ಬಾಗಿಲಲ್ಲಿರಲಿ. ಆಧಾರ್ ಕಾರ್ಡ್ ಕೈಯಲ್ಲಿರಲಿ, ಪೆಟ್ಟಿಗೆಯೊಳಗೆ ಇಡಬೇಡಿ. ನಿಲ್ದಾಣದಲ್ಲಿ ಈಗ ಎರಡು ಟರ್ಮಿನಲ್, ಯಾವುದು ಎಂದು ಟಿಕೆಟ್ ನೋಡಿ ನನಗೆ ಮೊದಲೇ ಹೇಳಿ, ರಸ್ತೆಯಲ್ಲಿ ಹೇಳಬೇಡಿ. ದೆಹಲಿಯಲ್ಲಿಯೂ ಹಾಗೆಯೇ, 1ನೇ ಟರ್ಮಿನಲ್ ಒಂದು ಕಡೆ, 3ನೆಯದು ಬೇರೆ ಕಡೆ. ಅಳಿಯನವರು ಸರಿಯಾದ ಕಡೆ ಬಂದು ನಿಲ್ಲಲಿ.

ರನ್‌ವೇ ಪಕ್ಕದವನು (ಬೆಳಿಗ್ಗೆ 8:25)

ಎರಡೂವರೆ ಗಂಟೆ ಹೆಚ್ಚಾಯಿತು, ಎರಡು ಸಾಕು.

ನಂದಿ ತಪ್ಪಲಿನ ಟ್ಯಾಕ್ಸಿ (ಬೆಳಿಗ್ಗೆ 8:27)

ನಿಮಗೆ ಸಾಕು. ನೀವು ಗೋಡೆಯ ಒಳಗಿರುವವರು.

ಕಲ್ಪತರು ನಾಡಿನ ಅಕ್ಕ (ಮಧ್ಯಾಹ್ನ 2:00)

ತುಮಕೂರಿನಿಂದ ಬರೆಯುತ್ತಿದ್ದೇನೆ. ನಮಗೆ ದೇವನಹಳ್ಳಿ ದಾಬಸ್‌ಪೇಟೆ, ದೊಡ್ಡಬಳ್ಳಾಪುರದ ಮೇಲೆ ಎಂಬತ್ತು ಕಿಲೋಮೀಟರ್. ನಿಮ್ಮಷ್ಟು ಪುಣ್ಯವಂತರಲ್ಲ.

ಬಾಣಂತನಕ್ಕೆ ಎಂದಿರಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅಮ್ಮ ಗಂಟಿನಲ್ಲಿ ಒಣಕೊಬ್ಬರಿ ಗಿಟುಕು ಇಟ್ಟಿದ್ದಾರೆಯೇ ನೋಡಿ. ಇಟ್ಟಿರುತ್ತಾರೆ, ಅಂಟಿನುಂಡೆಗೆ ಬೇಕಲ್ಲ. ಇಡೀ ಕೊಬ್ಬರಿ ವಿಮಾನದಲ್ಲಿ ಬಿಡುವುದಿಲ್ಲ. ಕೈಚೀಲದಲ್ಲಿಯೂ ಇಲ್ಲ, ಕೊಟ್ಟು ಕಳಿಸುವ ಪೆಟ್ಟಿಗೆಯಲ್ಲಿಯೂ ಇಲ್ಲ. ಎಣ್ಣೆ ಅಂಶ ಹೆಚ್ಚು, ಶೆಕೆಗೆ ತಾನಾಗಿಯೇ ಕಾದು ಹೊತ್ತಿಕೊಳ್ಳಬಹುದು ಎಂದು ನಿಷೇಧ. ನಾನು ತಿಪಟೂರಿನ ಮಗಳು. ಮಗಳ ಬಾಣಂತನಕ್ಕೆ ಹೊರಟಾಗ ಎಕ್ಸ್‌ರೇ ಯಂತ್ರದಲ್ಲಿ ನನ್ನ ಪೆಟ್ಟಿಗೆ ಹೋದಾಗ ಆ ಪರದೆಯಲ್ಲಿ ಹತ್ತು ಕೊಬ್ಬರಿ ಸಾಲಾಗಿ ಮೊಟ್ಟೆ ಇಟ್ಟ ಹಾಗೆ ಕಂಡವು. ಪೆಟ್ಟಿಗೆ ಬಿಚ್ಚಿಸಿ ಒಂದೊಂದಾಗಿ ತೆಗೆದರು. ನಮ್ಮ ತೋಟದ ಕೊಬ್ಬರಿ, ಅಟ್ಟದಲ್ಲಿ ವರ್ಷ ಒಣಗಿದ್ದು. ಅಲ್ಲಿಯ ಕಸದ ಡಬ್ಬಿಗೆ ಹಾಕಿ ಬಂದೆ. ಅಂಟಿನುಂಡೆಯನ್ನು ಮನೆಯಲ್ಲೇ ಕಟ್ಟಿಸಿಬಿಡಿ. ಇನ್ನೂ ಕೊಬ್ಬರಿ ಬೇಕಾದರೆ ದೆಹಲಿಯ ಐಎನ್‌ಎ ಮಾರುಕಟ್ಟೆಯಲ್ಲಿ ನಮ್ಮ ಕಡೆಯ ಸಾಮಾನು ಸಿಗುತ್ತದೆ.

ಮೇಷ್ಟ್ರಿಗೆ ಒಂದು ಪ್ರಶ್ನೆ. ನನ್ನ ಮಗಳು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿದ್ದಾಳೆ. ಬರುವ ದಾರಿ ಒಂದು, ಹೋಗುವ ದಾರಿ ಒಂದು, ಸಮಯವೂ ಬೇರೆ. ದೂರ ಮಾತ್ರ ಎರಡೂ ಕಡೆ ಒಂದೇ ಅಲ್ಲವೇ?

ನಿವೃತ್ತ ಮೇಷ್ಟ್ರು (ಸಂಜೆ 5:20)

ತಂಗಿ, ಒಂದು ಭೂಗೋಳದ ಗುಂಡು, ಒಂದು ದಾರ ತೆಗೆದುಕೊಳ್ಳಿ. ಬೆಂಗಳೂರಿನಲ್ಲಿ ಒಂದು ತುದಿ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇನ್ನೊಂದು ತುದಿ ಹಿಡಿದು ಬಿಗಿಯಾಗಿ ಎಳೆಯಿರಿ. ದಾರ ಸಮುದ್ರದ ಮೇಲೆ ಅಡ್ಡಡ್ಡ ಹೋಗುವುದಿಲ್ಲ, ಜಾರಿಕೊಂಡು ಉತ್ತರ ಧ್ರುವದ ಹತ್ತಿರ ಹೋಗಿ ನಿಲ್ಲುತ್ತದೆ. ಅದೇ ಅತಿ ಹತ್ತಿರದ ದಾರಿ, ಸುಮಾರು 14,000 ಕಿಲೋಮೀಟರ್. ಗೋಡೆಯ ನಕಾಶೆಯಲ್ಲಿ ಇದು ಕಾಣುವುದಿಲ್ಲ, ಕಿತ್ತಳೆ ಸಿಪ್ಪೆಯನ್ನು ಚಪ್ಪಟೆ ಮಾಡಿದರೆ ಹರಿಯುತ್ತದಲ್ಲ, ಆ ನಕಾಶೆಯೂ ಹಾಗೆಯೇ ಸುಳ್ಳು ಹೇಳುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳೇ ಅಲ್ಲಿಂದ ಬೆಂಗಳೂರಿಗೆ ನಡುವೆ ಎಲ್ಲಿಯೂ ನಿಲ್ಲಿಸದೆ ಉತ್ತರ ಧ್ರುವದ ಮೇಲೆ ಹಾರಿಸಿ ತಂದರು. ಸುಮಾರು ಹದಿನೇಳು ಗಂಟೆ. ಆ ದಿನ ಪತ್ರಿಕೆಯನ್ನು ಎತ್ತಿಟ್ಟಿದ್ದೇನೆ.

ಹೋಗುವ ಬರುವ ಸಮಯ ಬೇರೆಯಾಗುವುದು ಗಾಳಿಯಿಂದ. ವಿಮಾನ ಹಾರುವ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹೊಳೆಯಂತೆ ಹರಿಯುವ ಗಾಳಿ ಇದೆ, ಜೆಟ್ ಸ್ಟ್ರೀಮ್ ಎನ್ನುತ್ತಾರೆ. ಚಳಿಗಾಲದಲ್ಲಿ ಅದು ಉತ್ತರ ಭಾರತದ ನೆತ್ತಿಯ ಮೇಲೇ ಇರುತ್ತದೆ. ಪೂರ್ವಕ್ಕೆ ಹೋಗುವವನಿಗೆ ಬೆನ್ನು ತಳ್ಳುತ್ತದೆ, ಪಶ್ಚಿಮಕ್ಕೆ ಹೋಗುವವನಿಗೆ ಎದೆ ತಡೆಯುತ್ತದೆ. ಲಂಡನ್ನಿಗೆ ಹೋಗುವಾಗ ಹೆಚ್ಚು ಹೊತ್ತು, ಬರುವಾಗ ಕಡಿಮೆ. ದೆಹಲಿಯಿಂದ ಕೋಲ್ಕತ್ತಕ್ಕೆ ಬೇಗ, ಹಿಂದಿರುಗುವಾಗ ತಡ. ನಮ್ಮ ಶಿಡ್ಲಘಟ್ಟದ ಹಿರಿಯರು ದಕ್ಷಿಣದಿಂದ ಉತ್ತರಕ್ಕೆ ಹೋಗುವವರು. ಅವರಿಗೆ ಗಾಳಿ ಪಕ್ಕದಿಂದ ಬೀಸುತ್ತದೆ, ದೊಡ್ಡ ಲಾಭವೂ ಇಲ್ಲ ನಷ್ಟವೂ ಇಲ್ಲ. ಅವರ ಐವತ್ತು ನಿಮಿಷದಲ್ಲಿ ಗಾಳಿಯ ಕೈವಾಡ ಕಡಿಮೆ.

ಶಿಡ್ಲಘಟ್ಟದವನು (ರಾತ್ರಿ 9:30)

ಎಲ್ಲವನ್ನೂ ಅಪ್ಪನಿಗೆ ಓದಿ ಹೇಳಿದೆ. ಅಮ್ಮನ ಗಂಟಿನಲ್ಲಿ ಆರು ಗಿಟುಕು ಕೊಬ್ಬರಿ ಸಿಕ್ಕಿತು, ಸೀರೆಯ ಮಡಿಕೆಯಲ್ಲಿ. ತುಮಕೂರಿನ ಅಕ್ಕನಿಗೆ ಅಮ್ಮ ನಮಸ್ಕಾರ ಹೇಳಿದ್ದಾರೆ. ನಾಳೆ ಎಲ್ಲವನ್ನೂ ತುರಿದು ಉಂಡೆ ಕಟ್ಟುತ್ತಾರಂತೆ.

ಅಪ್ಪ ಪೂರ್ತಿ ಕೇಳಿ, 'ಹೇಳಿದವರೆಲ್ಲ ಸುಮಾರು, ಸುಮಾರು ಎನ್ನುತ್ತಿದ್ದಾರೆ. ನಾನೇ ಬರೆದುಕೊಳ್ಳುತ್ತೇನೆ' ಎಂದರು. ಎಚ್‌ಎಂಟಿ ಜನತಾ ಕೈಗಡಿಯಾರ ಹೊರಗೆ ಬಂದಿದೆ.

ಕಲ್ಪತರು ನಾಡಿನ ಅಕ್ಕ (ರಾತ್ರಿ 9:45)

ನಮ್ಮ ಯಜಮಾನರು ತುಮಕೂರಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿದ್ದವರು. ಬೆಳಿಗ್ಗೆ ಹೊರಡುವ ಮೊದಲು ಕೀ ಕೊಡುವುದನ್ನು ಮರೆಯಬೇಡಿ ಎಂದು ಹೇಳಲು ಹೇಳಿದರು. ದಿನಕ್ಕೆ ಒಂದೇ ಸಲ, ಒಂದೇ ಹೊತ್ತಿಗೆ.

ಹದಿನಾಲ್ಕು ಚಕ್ರ (ರಾತ್ರಿ 11:10)

10:20ರ ವಿಮಾನ ಆರಿಸಿದ್ದು ಒಳ್ಳೆಯದಾಯಿತು. ಜನವರಿಯಲ್ಲಿ ದೆಹಲಿಯ ಬೆಳಗಿನ ಮಂಜು ನೋಡಿದವನು ನಾನು, ನನ್ನ ಲಾರಿಯ ಬಾನೆಟ್ ನನಗೆ ಕಾಣುವುದಿಲ್ಲ. ಬೆಳಿಗ್ಗೆ ಇಳಿಯಬೇಕಾದ ವಿಮಾನಗಳನ್ನು ಜೈಪುರಕ್ಕೆ ಕಳಿಸಿಬಿಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಸಾಮಾನ್ಯವಾಗಿ ತೆರೆದುಕೊಳ್ಳುತ್ತದೆ. ಅಪ್ಪನವರಿಗೆ ಒಂದು ಉಣ್ಣೆಯ ಟೋಪಿ ಕೈಚೀಲದಲ್ಲೇ ಇರಲಿ.

ಶಿಡ್ಲಘಟ್ಟದವನು (ಜನವರಿ 12, ರಾತ್ರಿ 8:15)

ತಲುಪಿದರು. ಅಪ್ಪ ಗೂಡಿನ ಚೀಟಿಯ ಹಿಂಬದಿಯಲ್ಲಿ ಬರೆದುಕೊಂಡ ಲೆಕ್ಕವನ್ನು ಭಾವ ಫೋಟೊ ತೆಗೆದು ಕಳಿಸಿದ್ದಾರೆ. ಇದ್ದ ಹಾಗೆ ಕೊಡುತ್ತೇನೆ, ಅಕ್ಷರ ಮಾತ್ರ ತಿದ್ದಿದ್ದೇನೆ.

ಮನೆ ಬಿಟ್ಟಿದ್ದು 6:15.
ನಿಲ್ದಾಣದ ಬಾಗಿಲು 7:35. ಟ್ಯಾಕ್ಸಿಯವನು ಒಳ್ಳೆಯವನು, ಮಾತು ಹೆಚ್ಚು.
ವಿಮಾನದ ಬಾಗಿಲು ಹಾಕಿದ್ದು 10:14.
ಅಲುಗಿದ್ದು 10:22. ಹಿಂದಕ್ಕೆ.
ನಿಂತಿತು. ಮುಂದಕ್ಕೆ. ಮತ್ತೆ ನಿಂತಿತು. ಮುಂದೆ ಮೂರು ವಿಮಾನ.
ನೆಲ ಬಿಟ್ಟಿದ್ದು 10:38. ಕೋಲಾರದ ಕಡೆಗೆ.
ಎಡಕ್ಕೆ ವಾಲಿತು. ಇವಳು ಕೈ ಹಿಡಿದುಕೊಂಡಳು.
ಕೆರೆ ಕಂಡಿತು. ನಮ್ಮದೋ ಅಲ್ಲವೋ ಗೊತ್ತಿಲ್ಲ.
ಬೆಲ್ಟಿನ ದೀಪ ಆರಿದ್ದು 10:53.
ಕಿವಿ ಮುಚ್ಚಿದ್ದು 12:29.
ಗಾಲಿ ನೆಲಕ್ಕೆ ತಾಕಿದ್ದು 12:56.
ನಿಂತಿದ್ದು 1:09.

ಕೆಳಗೆ ಗೆರೆ ಎಳೆದು ಕೂಡಿದ್ದಾರೆ. ಇಲ್ಲಿ ನೆಲದ ಮೇಲೆ 16 ನಿಮಿಷ, ಅಲ್ಲಿ ನೆಲದ ಮೇಲೆ 13, ಒಟ್ಟು 29. ಹಾರಿದ್ದು 2 ಗಂಟೆ 18 ನಿಮಿಷ, ಅದರಲ್ಲಿ ನಮ್ಮ ಎರಡು ಗಂಟೆ ತೆಗೆದರೆ ಏರಿಳಿತಕ್ಕೂ ಹೊರಳುವುದಕ್ಕೂ 18. ಎಲ್ಲ ಸೇರಿ 47. ಟಿಕೆಟಿನ 50ರಲ್ಲಿ 47 ಕಳೆದರೆ ಉಳಿಕೆ 3. 'ಕಂಪನಿಯವರು ಮೂರು ನಿಮಿಷ ಹೆಚ್ಚು ಬರೆದುಕೊಂಡಿದ್ದಾರೆ' ಎಂದು ಕೊನೆಯಲ್ಲಿ ಬರೆದು ಅಡಿಗೆರೆ ಎಳೆದಿದ್ದಾರೆ.

ರನ್‌ವೇ ಪಕ್ಕದವನು (ರಾತ್ರಿ 8:40)

ಕಿವಿ ಮುಚ್ಚಿದ್ದು 12:29 ಎಂದರೆ ಇಳಿಯಲು ಆರಂಭಿಸಿದ್ದು ಆಗಲೇ. ಒಂದು ನಿಮಿಷವೂ ಆಚೀಚೆ ಇಲ್ಲ. ನಮ್ಮ ಮೇಲ್ವಿಚಾರಕರಿಗೆ ಈ ಚೀಟಿ ತೋರಿಸಬೇಕು ಎನಿಸುತ್ತಿದೆ. 10:20ಕ್ಕೆ ಎರಡು ನಿಮಿಷ ತಡವಾಗಿ ಅಲುಗಿದ್ದನ್ನು ಅಪ್ಪನವರು ಎಲ್ಲಿಯೂ ದೂರಿಲ್ಲ, ಅದಕ್ಕೆ ಕೃತಜ್ಞತೆ.

ನಿವೃತ್ತ ಮೇಷ್ಟ್ರು (ರಾತ್ರಿ 8:55)

1,709 ಕಿಲೋಮೀಟರಿಗೆ 138 ನಿಮಿಷ. ಗಂಟೆಗೆ 743. ಇದು ಸರಾಸರಿ ವೇಗ. ಇಂಥ ವಿದ್ಯಾರ್ಥಿ ಒಬ್ಬ ಸಿಕ್ಕಿದ್ದರೆ ಸಾಕಿತ್ತು ನನಗೆ.

ನಂದಿ ತಪ್ಪಲಿನ ಟ್ಯಾಕ್ಸಿ (ರಾತ್ರಿ 9:20)

ಮಾತು ಹೆಚ್ಚು ಎಂದು ಬರೆದಿದ್ದಾರಲ್ಲ, ಇರಲಿ. ದೇವನಹಳ್ಳಿ ಹತ್ತಿರ ಟೀಗೆ ನಿಲ್ಲಿಸಿದ್ದು ಅವರು ಹೇಳಿದ್ದಕ್ಕೆ. ಅದಕ್ಕೇ 7:35 ಆಯಿತು, ಇಲ್ಲದಿದ್ದರೆ 7:20. ಅದನ್ನೂ ಚೀಟಿಯಲ್ಲಿ ಸೇರಿಸಲು ಹೇಳಿ. ವಾಪಸು ಯಾವತ್ತು ಬರುತ್ತಾರೆ? ನಿಲ್ದಾಣಕ್ಕೆ ನಾನೇ ಬರುತ್ತೇನೆ.

ಶಿಡ್ಲಘಟ್ಟದವನು (ರಾತ್ರಿ 9:50)

ಅಣ್ಣ, ನೀವು ನಿಲ್ದಾಣಕ್ಕೆ ಬರುವ ಹಾಗಿಲ್ಲ. ಅಮ್ಮ ಮೂರು ತಿಂಗಳು ಅಲ್ಲೇ ಇರುತ್ತಾರೆ. ಅಪ್ಪನಿಗೆ ಭಾನುವಾರದ ವಿಮಾನಕ್ಕೆ ಟಿಕೆಟ್ ಮಾಡಲು ಹೊರಟೆ, ಬೇಡ ಎಂದರು. ಕರ್ನಾಟಕ ಎಕ್ಸ್‌ಪ್ರೆಸ್ ರೈಲಿಗೆ ಮಾಡಿಸಿ ಎಂದಿದ್ದಾರೆ. ಒಂದೂವರೆ ದಿನಕ್ಕೂ ಹೆಚ್ಚು ಹಿಡಿಯುತ್ತದೆ ಎಂದು ಹೇಳಿದೆ. ಗೊತ್ತು, ಅದರಲ್ಲಿ ಎಷ್ಟು ಹೊತ್ತು ಓಡುತ್ತದೆ ಎಷ್ಟು ಹೊತ್ತು ನಿಲ್ಲುತ್ತದೆ ನೋಡಬೇಕು ಎಂದರು. ಭಾವನ ಕೈಯಿಂದ ಒಂದು ನೋಟ್‌ಬುಕ್ ತರಿಸಿಕೊಂಡಿದ್ದಾರಂತೆ, ಚೀಟಿ ಸಾಲುವುದಿಲ್ಲವಂತೆ.